ಮಹಡಿಯ ಪಾಠಕ್ಕೆ ಹೂಂಗುಟ್ಟಿದ ದಿನಗಳು

ಹೋದ ತಿಂಗಳು ಯಳಂದೂರಿನ ಒಂದು ಮನೆಯಲ್ಲಿ ಹಳೆಯ ಕಿಟಕಿಗೆ ಹೊಸ ಬಾಗಿಲು ಕೂರಿಸುತ್ತಿದ್ದೆ. ಒಳಗೆ ಯಾರಿಗೋ ನೆಗಡಿ. ಅಡುಗೆಮನೆಯಿಂದ ಅಮೃತಬಳ್ಳಿ, ಮೆಣಸು, ಒಣಶುಂಠಿ ಒಟ್ಟಿಗೆ ಕುದಿಯುವ ವಾಸನೆ ಬಂತು. ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು. "ಯಾಕಣ್ಣ, ಮರ ಗಂಟಾ?" ಎಂದರು ಆ ಮನೆಯಮ್ಮ. ಮರದಲ್ಲೇನೂ ಗಂಟಿರಲಿಲ್ಲ. ಆ ವಾಸನೆ ನಮ್ಮ ಮನೆಯ ಮಹಡಿ ಮೆಟ್ಟಿಲಿನದು... ಕೊರೋನಾ ಬಂದ ವರ್ಷ ದಿನಾ ಬೆಳಿಗ್ಗೆ ಅದು ಮೇಲಿಂದ ಇಳಿದು ಬರುತ್ತಿತ್ತು. ವಾಸನೆ ಬಂತೆಂದರೆ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಇನ್ನೇನು ಪಾಠ ಶುರುವಾಗುತ್ತದೆ ಎಂದು ನಮಗೆ ತಿಳಿಯುತ್ತಿತ್ತು.

ಮೇಷ್ಟ್ರು ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದವರು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಡಿಗ್ರಿ ಹುಡುಗರಿಗೆ ಅರ್ಥಶಾಸ್ತ್ರ ಹೇಳುತ್ತಿದ್ದ ಗೆಸ್ಟ್ ಲೆಕ್ಚರರ್. ಅರಸೀಕೆರೆ ಕಡೆಯವರು. ಸಣಕಲು ದೇಹ, ದೊಡ್ಡ ಗಂಟಲು. ನನ್ನ ಮನೆ ಮಧುವನಹಳ್ಳಿಯಲ್ಲಿ. ಮುಂದೆ ಮರಗೆಲಸದ ಶೆಡ್ಡು, ಹಿಂದೆ ನಾವಿರುವುದು, ಮೇಲೆ ಆ ಒಂದು ಕೋಣೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮನೆಯ ಒಂದೊಂದು ಬಾಗಿಲನ್ನೂ ನಾನೇ ಮಾಡಿದ್ದೇನೆ, ಮಳೆಗಾಲದಲ್ಲೂ ಒಂದೂ ಬಿಗಿಯುವುದಿಲ್ಲ. ಎಲ್ಲಿಯವರೆಗೆ ಓದಿದ್ದೀರಿ ಎಂದು ಯಾರಾದರೂ ಕೇಳಿದರೆ ಮುಂಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿ ಮುಚ್ಚಿ ತೋರಿಸುತ್ತಿದ್ದೆ.

ಕಾಲೇಜು ಮುಚ್ಚಿತು, ಬಸ್ಸು ನಿಂತವು. ಮೇಷ್ಟ್ರು ಊರಿಗೆ ಹೋಗಲಾಗದೆ ಇಲ್ಲೇ ಉಳಿದರು. ಸ್ವಲ್ಪ ದಿನದ ಮೇಲೆ, ಪಾಠವನ್ನೆಲ್ಲ ಫೋನಿನಲ್ಲೇ ಮಾಡಬೇಕೆಂದು ಕಾಲೇಜಿನಿಂದ ಹೇಳಿಕಳಿಸಿದರಂತೆ. ಕೆಳಗಿಳಿದು ಬಂದು, "ಯಜಮಾನ್ರೇ, ಫೋನ್ ನಿಲ್ಲಿಸೋದಕ್ಕೆ ಏನಾದರೂ ಮಾಡಿಕೊಡ್ತೀರಾ?" ಎಂದರು. ನನಗೂ ಆಗ ಕೆಲಸವಿರಲಿಲ್ಲ. ಬೇವಿನ ತುಂಡಿನಲ್ಲಿ ಫೋನಿಗೊಂದು ಸ್ಟ್ಯಾಂಡು ಮಾಡಿದೆ. ಒಂದು ಹಲಗೆ ಉಜ್ಜಿ, ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿಕೊಟ್ಟೆ. ಕೋಣೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಹೊರಗೆ, ಮೆಟ್ಟಿಲ ತುದಿಯ ಶೀಟಿನ ನೆರಳಿನಲ್ಲಿ ಎಲ್ಲವನ್ನೂ ಜೋಡಿಸಿದೆವು.

ಕೆಳಗೆ ಶೆಡ್ಡಿನಲ್ಲಿ ಕೂತರೆ ಪಾಠವೆಲ್ಲ ನನಗೂ ಕೇಳುತ್ತಿತ್ತು. "ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ..." ಈ ಮಾತನ್ನು ಅವರು ಪದೇಪದೇ ಹೇಳುತ್ತಿದ್ದರು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಯಾವುದು ಇದ್ದ ಹಾಗಿದೆ ಈಗ? ರಸ್ತೆಯಲ್ಲಿ ಜನರಿಲ್ಲ, ನೆಂಟರು ಸತ್ತರೂ ಮುಖ ನೋಡಲು ಹೋಗುವಂತಿಲ್ಲ. ಇವರು ನೋಡಿದರೆ ಇದ್ದ ಹಾಗೇ ಇದ್ದರೆ ಅನ್ನುತ್ತಾರೆ. ಹೇಳಿ ಮುಗಿಸಿ, "ಅರ್ಥ ಆಯ್ತಾ?" ಎಂದು ಕೇಳುವರು. ಆಮೇಲೆ ಆ ಕಡೆಯಿಂದ ಒಂದು ಕೆಮ್ಮೂ ಇಲ್ಲ. ಒಮ್ಮೆ ಮೇಲೆ ಹೋಗಿ ಇಣುಕಿದೆ. ಫೋನಿನ ತುಂಬ ಬಣ್ಣಬಣ್ಣದ ಗುಂಡುಗಳು, ಒಂದೊಂದರಲ್ಲೂ ಒಂದೊಂದು ಇಂಗ್ಲಿಷ್ ಅಕ್ಷರ. ಅವೇ ಹುಡುಗರಂತೆ! ಮುಖ ಒಂದೂ ಇಲ್ಲ.

ದಿನ ಕಳೆದಂತೆ ಮೇಷ್ಟ್ರ ಗಂಟಲು ಇಳಿಯಿತು. ಒಂದು ದಿನ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ ಮೆಟ್ಟಿಲ ಮೇಲೆ ಬಂದು ಕೂತರು. "ನನ್ನ ಕೈಲಿ ಆಗೋದಿಲ್ಲ ಯಜಮಾನ್ರೇ. ಯಾರ ಹತ್ರ ಮಾತಾಡ್ತಿದೀನೋ ಗೊತ್ತಾಗಲ್ಲ. ನಾಳೆಯಿಂದ ನೋಟ್ಸ್ ಕಳಿಸಿ ಸುಮ್ಮನಾಗ್ತೀನಿ," ಎಂದರು. ಮತ್ತೆ ಅವರೇ, "ಸುಮ್ಮನಾದರೆ ಆ ಹನೂರು ಕಡೆ ಮಕ್ಕಳು ತಿರುಗಿ ಕಾಲೇಜಿಗೆ ಬರೋದಿಲ್ಲ. ಹುಡುಗರು ಕೂಲಿಗೆ ಹೋಗ್ತಾರೆ, ಹುಡುಗೀರಿಗೆ ಮದುವೆ ಮಾಡಿಬಿಡ್ತಾರೆ. ಒಂದು ಸಲ ಕೈಬಿಟ್ಟರೆ ಮುಗೀತು," ಎಂದರು.

ನನಗೆ ಚುರುಕ್ಕೆಂದಿತು. "ತಿರುಗ ಬರ್ದಿದ್ರೆ ಏನಾಯ್ತದೆ ಸಾ? ನಾನೂ ಇಸ್ಕೂಲ್ ಬುಟ್ಟು ಓದವನೇ, ತಿರುಗ ಬರ್ನಿಲ್ಲ. ಕೆಟ್ಟೋಗಿದ್ದೀನಾ?" ಎಂದೆ.

ಅವರು ನನ್ನ ಶೆಡ್ಡು ನೋಡಿದರು, ಒರಗಿಸಿಟ್ಟಿದ್ದ ಬಾಗಿಲ ವಾಸಕಾಲು ನೋಡಿದರು. "ನೀವೇನೂ ಕೆಟ್ಟಿಲ್ಲ. ಆದರೆ ಆಗ ನಿಮ್ಮನ್ನ ಯಾರಾದರೂ ವಾಪಸ್ ಕರೆದಿದ್ರಾ?"

ಯಾರೂ ಕರೆದಿರಲಿಲ್ಲ. ಆ ಮಾತು ನನಗೆ ಅವತ್ತಿನವರೆಗೂ ಹೊಳೆದೇ ಇರಲಿಲ್ಲ. ಸಿಟ್ಟು ಬಂತೋ, ಮತ್ತೇನು ಬಂತೋ... ಎದ್ದು ಹೋಗಿ ಸುಮ್ಮನೆ ಒಂದು ಹಲಗೆ ನುಣುಪು ಮಾಡುತ್ತ ತೋಪಡ ಉಜ್ಜುತ್ತ ಕೂತೆ.

ಮಾರನೆಯ ದಿನವೂ ವಾಸನೆ ಬಂತು. ಪಾಠ ನಿಲ್ಲಿಸುತ್ತೇನೆ ಎಂದವರು ಮತ್ತೆ ಶುರುಮಾಡಿದ್ದರು. ಅವರು ಹೇಳುತ್ತ ಹೋಗಿ ಒಂದು ಕಡೆ ನಿಲ್ಲಿಸಿದಾಗ ನನ್ನ ಬಾಯಿಂದ ತಾನಾಗಿ "ಹೂಂ" ಎಂದು ಬಂತು. ಅದು ನಮ್ಮ ಕಡೆಯ ರೂಢಿ. ನಮ್ಮಜ್ಜಿ ಕತೆ ಹೇಳುವಾಗ ಯಾರಾದರೊಬ್ಬರು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಅಜ್ಜಿಯೂ ನಿಲ್ಲಿಸಿ ಮಗ್ಗುಲಾಗಿ ಮಲಗುತ್ತಿದ್ದಳು. ದೇವರ ಕತೆ ಹಾಡುವವರು ಬಂದರೂ ಪಕ್ಕದಲ್ಲಿ ಹೂಂಗುಟ್ಟುವವನು ಇದ್ದೇ ಇರುತ್ತಾನೆ. ಮನುಷ್ಯ ಅಷ್ಟು ಹೊತ್ತು ಮಾತಾಡಿ ನಿಂತಾಗ ಸುಮ್ಮನಿರುವುದೆಂದರೆ ನಮಗೆ ಅವನ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.

ಮೇಷ್ಟ್ರು ಮೇಲಿಂದ ಬಗ್ಗಿ ನೋಡಿದರು. ಪಾಠ ಮುಗಿದ ಮೇಲೆ ಬಂದು, "ನಾಳೆಯಿಂದ ಮೇಲೆ ಬಂದು ಕೂತ್ಕೊಳ್ಳಿ," ಎಂದರು.

"ನಂಗೇನೂ ತಿಳಿಯಲ್ವಲ್ಲ ಸಾ."

"ತಿಳಿಯೋದು ಬೇಡ. ಹಾಗೇ ಹೂಂ ಅಂತಿರಿ ಸಾಕು."

ಹೀಗೆ ನಾನು ಫೋನಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹೂಂಗುಟ್ಟುವವನಾದೆ. ಹೆಂಡತಿ ಸುಮ್ಮನಿರುತ್ತಾಳೆಯೇ? "ಏನ್ರೀ, ಮೊಮ್ಮಕ್ಕಳ್ನ ಆಡ್ಸೋ ಕಾಲ್ದಲ್ಲಿ ಕಾಲೇಜ್ ಸೇರ್ಕಂಡ್ರಾ? ಪಾಸಾದ್ರೆ ನಂಗೂ ಒಸಿ ಏಳಿ, ಪಾಯಸ ಮಾಡ್ತೀನಿ," ಎಂದಳು. ಪಕ್ಕದ ಮನೆಯವನು ಕಾಂಪೌಂಡಿನಿಂದಲೇ "ಬಿಎ ಸಾಯೇಬ್ರು ಬಂದ್ರು!" ಎಂದು ಕೂಗುತ್ತಿದ್ದ. ನಾನು ಮಾತ್ರ ಒಗೆದ ಶರಟು ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಿದ್ದೆ. ಮೇಷ್ಟ್ರ ಗಂಟಲು ಮತ್ತೆ ಏರಿತು. ಬೋರ್ಡಿನ ಮೇಲೆ ಗೆರೆ ಎಳೆದು ನನ್ನತ್ತ ತಿರುಗುವರು, ನಾನು ಹೂಂ ಎನ್ನುವೆ, ಅವರು ಮುಂದಿನ ಗೆರೆಗೆ ಹೋಗುವರು. ಎಷ್ಟೋ ಸಲ ಅವರು ಫೋನಿಗಿಂತ ನನ್ನ ಮುಖವನ್ನೇ ನೋಡುತ್ತಿದ್ದರು ಅನ್ನಿಸುತ್ತದೆ. ಪಾಠ ನಿಲ್ಲಲಿಲ್ಲ. ನನ್ನಿಂದ ನಿಲ್ಲಲಿಲ್ಲ ಎಂದು ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ.

ಓಡಾಟಕ್ಕೆ ಸ್ವಲ್ಪ ಸಡಿಲ ಕೊಟ್ಟಾಗ ಕಾಮಗೆರೆಯಿಂದ ಒಂದು ಕೆಲಸ ಬಂತು. ಹಿತ್ತಿಲ ಬಾಗಿಲಿನ ಕೀಲು ಕಿತ್ತುಹೋಗಿತ್ತು. ಮೇಷ್ಟ್ರಿಗೆ ಹೇಳಿಯೇ ಹೊರಟೆ. ಆ ಮನೆಯಲ್ಲಿ ಅಜ್ಜಿಯೊಬ್ಬಳು ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮೊಮ್ಮಗಳು ಹಿತ್ತಿಲ ಕಲ್ಲಿನ ಮೇಲೆ ಫೋನು ಒರಗಿಸಿಕೊಂಡು ಕೂತಿದ್ದಳು. ನಾನು ಕೀಲು ಬಿಗಿಯುತ್ತಿದ್ದೇನೆ... ಫೋನಿನಿಂದ ನಮ್ಮ ಮೇಷ್ಟ್ರ ಗಂಟಲು! ನಮ್ಮ ಮಹಡಿ ಮೇಲಿನ ಮಾತು ಕಾಮಗೆರೆಯ ಹಿತ್ತಿಲಿನಲ್ಲಿ ಕೇಳುತ್ತಿದೆ. ಅವರು ಹೇಳುತ್ತ ಬಂದು, ನಿಲ್ಲಿಸಿ, "ಅರ್ಥ ಆಯ್ತಾ?" ಎಂದರು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದರೂ ನಾನು "ಹೂಂ" ಎಂದೆ.

ಹುಡುಗಿ ಬೆಚ್ಚಿ ತಿರುಗಿದಳು. "ಅಯ್ಯೋ ಅಣ್ಣ! ಆ ಹೂಂ ಅನ್ನೋರು ನೀವೇನಾ?"

"ಯಾವ ಹೂಂ ಕಣವ್ವ?"

"ದಿನಾ ಬತ್ತದಲ್ಲ, ಇಂಗೇ, ಮೂಗ್ನಲ್ಲಿ! ನಮ್ ಕ್ಲಾಸ್ನಲ್ಲಿ ಯಾರೋ ಒಬ್ಬ ಬಾರಿ ಜಾಣ ಅವ್ನೆ ಅನ್ಕಂಡಿದ್ವಿ ಅಣ್ಣ. ಅವ್ನಿಗೆ ಎಲ್ಲಾ ತಿಳೀತದೆ, ನಮ್ಗೇ ತಲೆಗೋಯ್ತಿಲ್ಲ, ಕೇಳುದ್ರೆ ನಗ್ತಾರೆ ಅಂತ ಎಲ್ರೂ ಮ್ಯೂಟ್ ಹಾಕ್ಕಂಡು ಕೂತಿದ್ವಿ. ಇಬ್ರು ನಮ್ ಕೈಲಾಗಲ್ಲ ಅಂತ ಬುಟ್ಟೇ ಬುಟ್ರು."

ನಾನು ಸ್ಕ್ರೂ ಕೈಗೆ ಉಗಿದುಕೊಂಡೆ. ಮೇಷ್ಟ್ರ ಜೊತೆಗಿದ್ದೇನೆ ಎಂದುಕೊಂಡಿದ್ದವನು ನಾನು. ಈ ಹುಡುಗಿ ನೋಡಿದರೆ ಬೇರೆಯದೇ ಹೇಳುತ್ತಿದ್ದಾಳೆ. ಅವಳು ಬಿಡಲಿಲ್ಲ. "ಅದಿರ್ಲಿ, ನಿಮ್ಗೆ ಅರ್ಥ ಆಯ್ತದಾ ಅಣ್ಣ?"

ನಮ್ಮ ಬೀದಿಯಲ್ಲಾಗಿದ್ದರೆ ಯಾರ ಮುಂದೆಯೂ ನಾನು ಹಾಗೆ ಹೇಳುತ್ತಿರಲಿಲ್ಲ. "ಮೇಷ್ಟ್ರು ನಮ್ಮನೆ ಮಹಡೀಲೇ ಅವ್ರೆ, ಆದ್ರೂ ಒಂದಕ್ಸರನೂ ಇಲ್ಲ ಕಣವ್ವ," ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಗಲಿಯಿಂದ ಅಜ್ಜಿ, "ಏನಮ್ಮಿ ಅದು? ಮೇಷ್ಟ್ರು ಅಲ್ಲಿ ಗಂಟ್ಲು ಅರ್ಕತಾವ್ರೆ, ನೀ ಇಲ್ಲಿ ಅಲ್ಲು ಬುಟ್ಕಂಡು ಕೂತಿದ್ದೀಯ!" ಎಂದು ಗದರಿದಳು. ಫೋನಿನಲ್ಲಿ ಮೇಷ್ಟ್ರು ಇನ್ನೂ ಕಾಯುತ್ತಿದ್ದರು. ಹೂಂ ಎನ್ನುವವನು ಅವತ್ತು ಅವರ ಪಕ್ಕದಲ್ಲಿ ಇಲ್ಲವಲ್ಲ. ಹುಡುಗಿ ನಗು ತಡೆದುಕೊಂಡು ಫೋನು ಒತ್ತಿ ಮ್ಯೂಟ್ ತೆಗೆದಳು. "ಸಾ... ನಂಗೆ ಅರ್ಥ ಆಗ್ನಿಲ್ಲ ಸಾ. ಮೊದಲಿಂದ್ಲೂ ಆಗ್ನಿಲ್ಲ."

ಆಮೇಲೆ ಯಾವುದೋ ಹುಡುಗನ ದನಿ, "ನಂಗೂವೆ ಸಾ." ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲೋ ಕೋಳಿ ಕೂಗಿತು, ಯಾರದೋ ಮನೆಯ ಮಿಕ್ಸಿ ಗರ್ರೆಂದಿತು. ಆ ಗುಂಡುಗಳ ಹಿಂದೆ ಇಷ್ಟೊಂದು ಮನೆಗಳಿದ್ದವು. "ಯಾರದು? ಯಾರ್ಯಾರಿದೀರಿ? ಹೆಸರು ಹೇಳಿ, ಒಬ್ಬೊಬ್ಬರಾಗಿ ಹೇಳಿ..." ಎನ್ನುತ್ತ ಮೇಷ್ಟ್ರು ಒಂದೊಂದು ಹೆಸರನ್ನೂ ತಿರುಗಿ ಹೇಳುತ್ತಿದ್ದರು. ಅರ್ಥವಾಗಿಲ್ಲ ಎಂದಿದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ.

ಸಂಜೆ ಮನೆಗೆ ಬಂದರೆ ಅವರು ಗೇಟಿನಲ್ಲೇ ನಿಂತಿದ್ದರು. ಮಾಸ್ಕು ಗಲ್ಲಕ್ಕೆ ಜಾರಿತ್ತು. "ಯಜಮಾನ್ರೇ, ಮಾತಾಡಿದರು! ಒಂದೂ ಅರ್ಥ ಆಗಿಲ್ಲವಂತೆ, ಮೊದಲಿಂದ ಹೇಳಬೇಕಂತೆ!" ನಾನು ಚೀಲ ಇಳಿಸಿ, ಕಾಮಗೆರೆಯ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ನೀವು ಇಲ್ಲದ ದಿನವೇ ನೋಡಿ..." ಎಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ, "ಸುಸ್ತಾಗಿದೀರಿ, ಒಳಗೆ ನಡೀರಿ," ಎಂದು ಮೆಟ್ಟಿಲು ಹತ್ತಿಬಿಟ್ಟರು.

ಆ ಅರ್ಧ ಮಾತು ಏನೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ನೀವೂ ಇದ್ದು ನೋಡಬೇಕಿತ್ತು ಅನ್ನಲು ಹೊರಟಿದ್ದರೇ? ನೀವಿಲ್ಲದ್ದರಿಂದಲೇ ಮಾತಾಡಿದರು ಅನ್ನಲು ಹೊರಟಿದ್ದರೇ?

ಮಾರನೆಯ ದಿನ ವಾಸನೆ ಬಂತು. ನಾನು ಶರಟು ಬದಲಾಯಿಸಿಕೊಂಡು ಶೆಡ್ಡಿನಲ್ಲಿ ಕೂತೆ. ಕರೆಯಲಿಲ್ಲ. ಮೇಲೆ ಗಲಗಲ ಮಾತು, ನಗು. ಒಬ್ಬಳು ಪ್ರಶ್ನೆ ಕೇಳಿದರೆ ಇನ್ನೊಬ್ಬ ಅದಕ್ಕೆ ಅಡ್ಡ ಹಾಕುತ್ತಿದ್ದ. ಹೆಂಡತಿ ಬಾಗಿಲಿಗೆ ಬಂದು ನಿಂತಳು, ಈ ಸಲ ಏನೂ ತಮಾಷೆ ಮಾಡಲಿಲ್ಲ. ಮೇಷ್ಟ್ರು ನನ್ನನ್ನು ಮತ್ತೆ ಮೇಲೆ ಕರೆಯಲೇ ಇಲ್ಲ. ನಾನೂ ಕೇಳಲಿಲ್ಲ. ಸಿಕ್ಕಾಗ ಮೊದಲಿನ ಹಾಗೇ ನಗುತ್ತಿದ್ದರು, ಕಷಾಯ ಮಿಕ್ಕಿದರೆ ಲೋಟದಲ್ಲಿ ತಂದುಕೊಡುತ್ತಿದ್ದರು. ಬಿಟ್ಟುಹೋದ ಇಬ್ಬರಲ್ಲಿ ಒಬ್ಬಳು ತಿರುಗಿ ಬಂದಳೆಂದು ಹೇಳಿದರು. ಇನ್ನೊಬ್ಬ ಒಡೆಯರಪಾಳ್ಯದ ಆಚೆಯ ಹುಡುಗ. ಅವನಿಗೆ ಮೇಷ್ಟ್ರು ಫೋನು ಮಾಡುತ್ತಲೇ ಇದ್ದರು, ಅವನು ಎತ್ತಲಿಲ್ಲ. ಅವನು ಬಿಟ್ಟದ್ದು ನನ್ನ ಹೂಂಗೋ, ಮನೆಯ ತಾಪತ್ರಯಕ್ಕೋ? ಅದನ್ನು ನನ್ನ ತಲೆಗೆ ಕಟ್ಟಿಕೊಳ್ಳಲು ನಾನು ಒಪ್ಪುವುದಿಲ್ಲ. ಹೂಂ ಅನ್ನಲು ಕರೆದವರು ಮೇಷ್ಟ್ರು, ಹೋದವನು ನಾನು. ಆದರೂ ಏಳನೇ ಕ್ಲಾಸಿನ ಹುಡುಗನೊಬ್ಬ ಕೆಲವು ಸಲ ಕಣ್ಣ ಮುಂದೆ ಬರುತ್ತಾನೆ... ಅದು ಅವನೋ ನಾನೋ ತಿಳಿಯುವುದಿಲ್ಲ.

ಕಾಲೇಜು ತೆರೆಯಿತು. ಹನೂರು ಕಡೆಯ ಮಕ್ಕಳು ಬಂದರು. ಮೇಷ್ಟ್ರು ಸಂಜೆ ಬಂದು ಯಾರ್ಯಾರು ಬಂದಿದ್ದರೆಂದು ಹೇಳುತ್ತಿದ್ದರು. ಆಮೇಲೆ ಎರಡನೇ ಸಲ ಕೊರೋನಾ ಎದ್ದಿತು. ಮೇಷ್ಟ್ರು ಊರಿಗೆ ಹೋಗಿ ತಾಯಿಯನ್ನು ನೋಡಿ ಬರುತ್ತೇನೆಂದು ಹೊರಟರು. ಅಲ್ಲೇ ಜ್ವರ ಬಂತಂತೆ. ಫೋನು ಮಾಡಿ ಸುದ್ದಿ ತಿಳಿಸಿದವಳು ಕಾಮಗೆರೆಯ ಆ ಹುಡುಗಿಯೇ. "ಅಣ್ಣ, ನಮ್ ಸಾ ಓಗ್ಬುಟ್ರಂತೆ," ಎಂದಳು. ಅವರ ಕಡೆಯವರು ಬಂದು ಸಾಮಾನು ತೆಗೆದುಕೊಂಡು ಹೋದರು. ಕೋಣೆಯನ್ನು ತುಂಬ ದಿನ ಯಾರಿಗೂ ಕೊಡಲಿಲ್ಲ.

ಯಳಂದೂರಿನ ಕೆಲಸ ಮುಗಿಸಿ ಬಂದ ಸಂಜೆ ಆ ಹುಡುಗಿಗೆ ಫೋನು ಮಾಡಿದೆ. ಡಿಗ್ರಿ ಮುಗಿಸಿ ಈಗ ಹನೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. ಅದು ಇದು ಮಾತಾಡಿದ ಮೇಲೆ ಕೇಳಿಯೇಬಿಟ್ಟೆ. "ಅವ್ವಾ, ಅವತ್ತು ನಿಮ್ಮನೇಲಿ ನಾನಿದ್ದೆ, ಹೂಂ ಅನ್ನೋನು ನಾನೇ ಅಂತ ಮೇಷ್ಟ್ರಿಗೆ ಏಳಿದ್ಯಾ?"

"ಇಲ್ಲ ಅಣ್ಣ. ನೀವೇ ಏಳಿರ್ತೀರಿ ಅಂತ ನಾ ಸುಮ್ಕಾದೆ."

"ನಾನೂ ಏಳ್ನಿಲ್ಲ."

ಇಬ್ಬರೂ ಹೇಳಿರಲಿಲ್ಲ. ಹಾಗಾದರೆ ಅವರಿಗೆ ತಿಳಿದಿತ್ತೋ, ಇಲ್ಲವೋ? ತಿಳಿಯದೆಯೇ ನನ್ನನ್ನು ಕರೆಯುವುದು ಬಿಟ್ಟರೇ? ಮಕ್ಕಳು ತಾವಾಗಿಯೇ ಬಾಯಿ ಬಿಟ್ಟರು ಎಂದು ನಂಬಿಕೊಂಡೇ ಹೋದರೇ? ಕೇಳೋಣವೆಂದರೆ ಅವರಿಲ್ಲ.

"ಏಳ್ಬೇಕಿತ್ತಾ ಅಣ್ಣ?" ಎಂದಳು ಹುಡುಗಿ.

ಹೇಳಿದ್ದರೆ ಅವರ ಸಂತೋಷ ಅಷ್ಟೇ ಇರುತ್ತಿತ್ತೇ ಎಂದು ಯೋಚಿಸುತ್ತ ನಿಂತೆ. ಆ ಕಡೆ ಅವಳು ಕಾದಳು.

"ಅಣ್ಣೋ? ಲೈನಲ್ಲಿದ್ದೀರಾ? ಕೇಳುಸ್ತಾ ಅದಾ?"

ಕೇಳಿಸುತ್ತಿತ್ತು.