ಬಸ್ಸಿನ ಬಾಗಿಲು ಜುಮ್ಮೆಂದದ್ದು

ನಾಟಕ ಕಂಪನಿಯಲ್ಲಿ ನಾನು ಲೈಟಿನವನಾಗಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಾನಗಲ್ಲಿನಲ್ಲಿ ಎರಡು ತಿಂಗಳು, ಸವಣೂರಿನಲ್ಲಿ ಒಂದು, ಶಿಗ್ಗಾಂವಿಯಲ್ಲಿ ಒಂದೂವರೆ, ಹೀಗೆ ಊರಿಂದೂರಿಗೆ ನಮ್ಮ ಕ್ಯಾಂಪು ಸಾಗುತ್ತಿತ್ತು. ತಗಡಿನ ಥೇಟರು ಎದ್ದು ನಿಲ್ಲುವ ಮೊದಲೇ ಕಂಬದಿಂದ ಕರೆಂಟು ತರಿಸುವ ಕೆಲಸ ನನ್ನದು. ಅದರಲ್ಲಿ ನನಗೆ ವಿಪರೀತ ಸೊಕ್ಕು. ಯಾರಾದರೂ ನನ್ನ ವೈರು ಮುಟ್ಟಿದರೆ ಮೈಮೇಲೆ ಹೋಗುತ್ತಿದ್ದೆ. ಲೈನ್‌ಮನ್ನನಿಗೇ ಬುದ್ಧಿ ಹೇಳುವ ಆಸಾಮಿ. ಈಗ ನೆನೆದರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ತಾಯಿ ಪಾರ್ಟು ಮಾಡುವವಳು ನಮ್ಮ ಹಾರ್ಮೋನಿಯಂ ಮಾಸ್ತರರ ಹೆಂಡತಿ. ಕಂಪನಿಯವರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದೆವು. ನನ್ನ ಹೆತ್ತವ್ವ ತಿಳವಳ್ಳಿಯಲ್ಲಿದ್ದಳು, ನಿಜ. ಆದರೆ ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟವಳು, ಎರಡು ಹೊತ್ತೂ ಉಂಡೆಯಾ ಎಂದು ಕೇಳಿದವಳು ಇವಳು. ಅವಳ ಮನೆ ಎಂದರೆ ಒಂದು ಹಳೆಯ ಬಸ್ಸು. ಮಾಲಕರು ಅದನ್ನು ಗುಜರಿಯಿಂದ ತಂದು ಸೀಟು ಕೀಳಿಸಿದ್ದರು. ಒಳಗೆ ಒಂದು ಮಂಚ, ಸ್ಟೋವು, ವೇಷದ ಟ್ರಂಕುಗಳು, ಡ್ರೈವರನ ಸೀಟಿನ ಹಿಂದೆ ಕಂಪನಿಯ ದೇವಿಯ ಪಟ. ದೇವಿ ಇದ್ದಾಳೆಂದು ಯಾರೂ ಚಪ್ಪಲಿ ಹಾಕಿಕೊಂಡು ಹತ್ತುವಂತಿರಲಿಲ್ಲ. ಕೆಳಗೇ ಬಿಟ್ಟು, ಬಾಗಿಲ ಕಬ್ಬಿಣದ ಹಿಡಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಹತ್ತಬೇಕು. ಕಲಾವಿದರು ರಂಗ ಹತ್ತುವಾಗ ಮಾಡುವ ಪದ್ಧತಿಯೇ ಅದು.

ಆಟಕ್ಕೆ ಬಂದ ಹೆಂಗಸರು ಅವ್ವನ ಪಾರ್ಟು ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮರುದಿನ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ನಾಟಕದವಳಲ್ಲವೇ! ಮೂವತ್ತು ವರ್ಷ ಊರೂರು ತಿರುಗಿದವಳನ್ನು ಒಂದು ಮನೆಯವರೂ ಅರಿಷಿಣ ಕುಂಕುಮಕ್ಕೆ ಕರೆದಿರಲಿಲ್ಲ, ಉಡಿ ತುಂಬಿರಲಿಲ್ಲ. ಸೆರಗಿಗೆ ಐದು ಹಿಡಿ ಅಕ್ಕಿ, ಕುಬಸ ಹೊಲಿಸಲು ಒಂದು ಖಣದ ಬಟ್ಟೆ, ಕೊಬ್ಬರಿ ಬಟ್ಟಲು ಹಾಕಿ ಮುತ್ತೈದೆಯ ಉಡಿ ತುಂಬಿದರೆ, ನಮ್ಮ ಕಡೆ ಅದು ನೀನು ನಮ್ಮವಳು ಎಂದ ಹಾಗೆ. ಅವ್ವ ಈ ಸಂಕಟವನ್ನು ಬಾಯಿ ಬಿಟ್ಟು ಹೇಳಿದ್ದು ಒಂದೇ ಸಲ, ಅಕ್ಕಿಆಲೂರಿನ ಕ್ಯಾಂಪಿನಲ್ಲಿ.

"ನಮ್ಮ ಉಡಿ ಏನಿದ್ರೂ ಸ್ಟೇಜ್ ಮ್ಯಾಲಷ್ಟ ತುಂಬೂದಪಾ. ಸೀನ್ ಮುಗೀತಂದ್ರ ಅದೂ ಸಾಮಾನಿನ ಪೆಟ್ಟಿಗಿಗೆ."

ಹಿರೇಕೆರೂರಿಗೆ ಬಂದಾಗ ನಾನು ತಪ್ಪು ಮಾಡಿದೆ. ಥೇಟರಿನ ಮೀಟರಿನಿಂದ ಬಸ್ಸಿನ ಕಿಟಕಿಯೊಳಗೆ ಒಂದು ವೈರು ಎಳೆದೆ. ಒಂದು ಬಲ್ಬು, ಒಂದು ಫ್ಯಾನು, ದೇವಿಯ ಪಟಕ್ಕೊಂದು ಸಣ್ಣ ಕೆಂಪು ದೀಪ. ಥೇಟರಿಗೆ ಅರ್ಥಿಂಗ್ ಮಾಡಿದ್ದೆ. ನೆಲ ಅಗೆದು, ಕಬ್ಬಿಣದ ಪೈಪು ಹೂತು, ಸುತ್ತ ಇದ್ದಿಲು, ಉಪ್ಪು ತುಂಬಿ, ಪೈಪಿಗೆ ತಂತಿ ಬಿಗಿದಿದ್ದೆ. ಬಸ್ಸಿಗೆ ಮಾಡಲಿಲ್ಲ. "ರಬ್ಬರ್ ಗಾಲಿ ಮ್ಯಾಲ ನಿಂತೈತಿ, ಅದಕ್ಯಾಕ್ರಿ ಅರ್ಥಿಂಗ್?" ಎಂದು ಮ್ಯಾನೇಜರನ್ನೇ ದಬಾಯಿಸಿದ್ದೆ. ರಬ್ಬರು ಕರೆಂಟನ್ನು ನೆಲಕ್ಕೆ ಇಳಿಯಗೊಡುವುದಿಲ್ಲ, ಹೌದು. ಹಾಗೆ ಇಳಿಯದೆ ಉಳಿದ ಕರೆಂಟು, ನೆಲದ ಮೇಲೆ ನಿಂತು ಬಸ್ಸು ಮುಟ್ಟಿದವರ ಮೈಯೊಳಗಿಂದ ಇಳಿಯುತ್ತದೆ ಎಂಬಷ್ಟು ನನ್ನ ತಲೆ ಓಡಲಿಲ್ಲ.

ನಾಲ್ಕನೆಯ ದಿನ ಅವ್ವ ಜಳಕ ಮಾಡಿ ಬಂದು ಹಿಡಿಕೆ ಮುಟ್ಟಿದವಳೇ "ಯವ್ವಾ!" ಎಂದು ಕೈ ಹಿಂದೆಳೆದಳು. ಬೆರಳಿನಿಂದ ಮೊಣಕೈವರೆಗೆ ಜುಮ್ ಎಂದಿತ್ತು. ಮತ್ತೆ ಮುಟ್ಟಿದಳು, ಮತ್ತೆ ಜುಮ್. "ದೇವಿ ಬಂದಾಳ" ಎಂದು ಅಲ್ಲೇ ಕೈಮುಗಿದು ನಿಂತಳು. ಹೂ ಮಾರುವವಳು ಮುಟ್ಟಿದಳು, ಅವಳಿಗೂ ಜುಮ್. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುದಿನ ಹೆಂಗಸರು ಸಾಲುಗಟ್ಟಿ ಬಂದರು. ಚಪ್ಪಲಿ ಬಿಟ್ಟು, ಹಿಡಿಕೆ ಮುಟ್ಟಿ, ದೇವಿ ಒಲಿದ ಹೆಣ್ಣೆಂದು ಅವ್ವನ ಉಡಿ ತುಂಬಿದರು. ಮಧ್ಯಾಹ್ನ ಅವ್ವ ಆ ಖಣಗಳನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಒಂದೊಂದನ್ನೇ ಸವರುತ್ತ ಕೂತಿದ್ದಳು. "ನೋಡೋ ಮಂಗ್ಯಾ, ಇವು ಪೆಟ್ಟಿಗಿಗೆ ಹೋಗೂದಿಲ್ಲ. ನನ್ನವು" ಎಂದಳು.

ನನಗೆ ಅನುಮಾನ ಬಂದಿತ್ತು. ಯಾರೂ ಇಲ್ಲದಾಗ ಹಿಡಿಕೆಗೆ ಟೆಸ್ಟರ್ ಹಚ್ಚಿದೆ. ಅದರೊಳಗಿನ ದೀಪ ಮಿಣ್ಣಗೆ ಹೊತ್ತಿತು. ಆಗಲೇ ಮೇನ್ ಸ್ವಿಚ್ಚು ತೆಗೆಯಬೇಕಿತ್ತು. ಅವಳ ಮುಖ ನೆನೆದು ನಾಲಿಗೆ ಏಳಲಿಲ್ಲ. ಇನ್ನೊಂದು ದಿನ ಇರಲಿ, ಒಂದೇ ದಿನ, ಎಂದುಕೊಂಡೆ. ಬಾಗಿಲ ಮುಂದೆ ಒಣ ಗೋಣಿಚೀಲ ಹಾಸಿ, ಮೇಲೊಂದು ಹಲಗೆ ಇಟ್ಟು, "ಹಲಗಿ ಮ್ಯಾಲ ನಿಂತ ಮುಟ್ರಿ" ಎಂದು ಬಂದವರಿಗೆ ಹೇಳಿದೆ. ಇಂಥ ಶಾಣ್ಯಾತನ ನನ್ನದು.

ಮರುದಿನ ಹನಿ ಬಿತ್ತು. ಬಸ್ಸಿನ ಮೈಯೆಲ್ಲ ನೀರು, ಹಲಗೆ ಗೋಣಿಚೀಲ ತೊಪ್ಪೆ. ನಾನು ಥೇಟರಿನೊಳಗಿಂದ ಹೊರಬಂದು ನೋಡುತ್ತೇನೆ, ಒಬ್ಬ ಹುಡುಗಿ, ಬಗಲಲ್ಲಿ ತನ್ನ ವರ್ಷದ ಕೂಸು, ಕೈಯಲ್ಲಿ ತಟ್ಟೆ, ಬರಿಗಾಲಲ್ಲಿ ರಾಡಿಯಲ್ಲಿ ನಿಂತಿದ್ದಾಳೆ. ಕೂಸು ಹಿಡಿಕೆಯತ್ತ ಕೈ ಚಾಚುತ್ತಿದೆ, ಆಕೆ ನಗುತ್ತ ಅದನ್ನು ಇನ್ನಷ್ಟು ಹತ್ತಿರ ಒಯ್ಯುತ್ತಿದ್ದಾಳೆ. "ಮುಟ್ಟಬ್ಯಾಡಾ!" ಎಂದು ಚೀರಿ, ಓಡಿಹೋಗಿ ಮೇನ್ ಕೆಳಗೆಳೆದೆ. ಹೆದರಿ ಆಕೆಯ ಕೈಯಿಂದ ತಟ್ಟೆ ಬಿತ್ತು, ಅಕ್ಕಿಯೆಲ್ಲ ರಾಡಿ ಪಾಲಾಯಿತು. ಕೂಸು ಕಿಟಾರನೆ ಅತ್ತಿತು. ಅಳುತ್ತಿದೆ, ಅಂದರೆ ಜೀವ ಇದೆ ಎಂದುಕೊಂಡೆ. ಹುಡುಗಿ ಕೂಸನ್ನು ಅವಚಿಕೊಂಡು ಓಡಿಹೋದಳು.

ಅವ್ವ ಬಸ್ಸಿನಿಂದ ಇಳಿದು ಬಂದು ನನ್ನ ಮೇಲೆ ಹರಿಹಾಯ್ದಳು. "ತಲಿ ಕೆಟ್ಟೈತೇನ? ಉಡಿ ತುಂಬಾಕ ಬಂದ ಹೆಣ್ಣಮಗಳ ಮ್ಯಾಲ ಚೀರ್ತಿ?"

"ಅವ್ವಾ, ದೇವಿ ಅಲ್ಲ ಬೇ. ಕರೆಂಟ್."

ಕರೆದುಕೊಂಡು ಹೋಗಿ ತೋರಿಸಿದೆ. ಕಿಟಕಿಯ ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ವೈರಿನ ಮೇಲಿನ ಪದರ ಸವೆದಿತ್ತು.

"ಯಾವಾಗಿಂದ ಗೊತ್ತೈತಿ ನಿನಗ?"

"ನಿನ್ನೆಯಿಂದ. ನಿನ್ನ ಮುಖ ನೋಡಿ ಹೇಳಾಕ ಆಗ್ಲಿಲ್ಲ."

ಕಪಾಳಕ್ಕೆ ಒಂದು ಬಿಟ್ಟಳು. "ನನ್ನ ಮುಖದ ಸಲುವಾಗಿ ಆ ಕೂಸು ಸಾಯಬೇಕಿತ್ತೇನೋ, ಭಾಡ್ಯಾ?" ಎಂದು ಅತ್ತಳು. ನಾನೂ ಅತ್ತೆ.

ಅವತ್ತೇ ವೈರು ಬದಲಿಸಿದೆ, ಕಿಟಕಿಯ ಅಂಚಿಗೆ ಸೈಕಲ್ ಟ್ಯೂಬು ಹೊದಿಸಿದೆ, ಗುಂಡಿ ಅಗೆದು ಬಸ್ಸಿಗೂ ಅರ್ಥಿಂಗ್ ಮಾಡಿದೆ. ಅವ್ವನೇ ಗುಂಡಿಗೆ ನೀರು ಹೊಯ್ದಳು. ಟೆಸ್ಟರ್ ಹಚ್ಚಿದರೆ ದೀಪ ಹೊತ್ತಲಿಲ್ಲ. ನನಗೊಂದು ಯುಕ್ತಿ ಹೊಳೆಯಿತು. "ನಾವೇನೂ ಹೇಳೂದು ಬ್ಯಾಡವ್ವಾ. ದೇವಿ ಶಾಂತ ಆದ್ಲು ಅಂದ್ಕೋತಾರ. ಉಡಿ ತುಂಬೂದಂತೂ ಬಿಡೂದಿಲ್ಲ."

ಅವಳ ಆಸೆ ನನಗೆ ಗೊತ್ತಿತ್ತು. ಹೂಂ ಎನ್ನಲಿ ಎಂದು ನಾನೂ ಒಳಗೊಳಗೇ ಬೇಡಿಕೊಂಡೆ.

"ನಾಳೆ ಯಾವುದಾರ ತಗಡ, ಕಂಬ ಜುಮ್ ಅಂದ್ರ, ಇದೂ ದೇವೀನ ಅಂತ ಕೂಸಿನ ಕೈ ಹಚ್ಚತಾರೋ. ಅವತ್ತ ಓಡಿ ಬರಾಕ ನೀ ಅಲ್ಲಿರತೀಯೇನ?" ಎಂದಳು.

ಮರುದಿನ ಸಂಜೆ ಹೆಂಗಸರು ತಟ್ಟೆ ಹಿಡಿದು ಬಂದು ನಿಂತಾಗ ಅವ್ವ ಬಸ್ಸಿನ ಮೆಟ್ಟಿಲ ಮೇಲೆ ನಿಂತಳು. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ದನಿ ಅವಳದು.

"ತಾಯಂದಿರಾ, ಕೇಳ್ರಿ. ಇದು ದೇವಿ ಅಲ್ಲ, ಕರೆಂಟು. ವೈರ್ ಕೆಟ್ಟಿತ್ತು, ಈಗ ರಿಪೇರಿ ಆಗೈತಿ. ಎಲ್ಲೇ ಆಗ್ಲಿ, ತಗಡು, ತಂತಿ ಜುಮ್ ಅಂದ್ರ ಹಿಂದ ಸರೀರಿ, ಮಕ್ಕಳನ್ನ ಹತ್ರ ಬಿಡಬ್ಯಾಡ್ರಿ. ನಿಮ್ಮ ಉಡಿ ನಾ ತಿಳೀದ ತಗೊಂಡೆ. ಯಾರದು ಅವರು ಒಯ್ರಿ."

ನನ್ನ ಹೆಸರು ಎತ್ತಲಿಲ್ಲ. ಖಣಗಳ ಗಂಟನ್ನು ಮೆಟ್ಟಿಲ ಮೇಲೆ ಇಟ್ಟಳು. ನಾಲ್ಕಾರು ಮಂದಿ ನಿಜಕ್ಕೂ ಮುಂದೆ ಬಂದು, ಹುಡುಕಿ, ತಮ್ಮ ಖಣ ತೆಗೆದುಕೊಂಡರು. ಯಾರೋ "ನಾಟಕದವರು ನಾಟಕಾನ ಮಾಡಿದ್ರು" ಎಂದು ಅಂದೇ ಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಯಾವ ಬಾಯಿಂದ ಮಾತಾಡಲಿ? ಎಲ್ಲರೂ ಒಬ್ಬೊಬ್ಬರಾಗಿ ಹೋದರು.

ಆ ಹುಡುಗಿ ಮಾತ್ರ ಹೋಗಲಿಲ್ಲ. ಬಗಲಲ್ಲಿ ಅದೇ ಕೂಸು, ತಟ್ಟೆಯಲ್ಲಿ ಹೊಸ ಅಕ್ಕಿ.

"ಮನಿಗೆ ಒಯ್ಯವ್ವಾ ತಂಗಿ. ನನಗ ಯಾವ ದೇವಿನೂ ಒಲಿದಿಲ್ಲ" ಎಂದಳು ಅವ್ವ.

"ನಾ ನಿಮಗ ತಂದೀನ್ರಿ" ಎಂದು ಹುಡುಗಿ ಕೂಸನ್ನು ನನ್ನ ಕೈಗೆ ಕೊಟ್ಟಳು. "ಸೆರಗ ಒಡ್ರಿ."

ಅವ್ವ ಸೆರಗು ಒಡ್ಡಿದಳು. ಹುಡುಗಿ ಒಂದೊಂದೇ ಹಿಡಿ ಹಾಕಿದಳು. ಸ್ಟೇಜಿನ ಮೇಲೆ ಬೇಕೆಂದಾಗ ಅಳು ತಂದುಕೊಳ್ಳುತ್ತಿದ್ದ ಹೆಂಗಸು, ಅವತ್ತು ಬಂದ ಅಳುವನ್ನು ಒರೆಸಿಕೊಳ್ಳಲೂ ಆಗದೆ ನಿಂತಿದ್ದಳು. ಎರಡೂ ಕೈಯಲ್ಲಿ ಹಿಡಿದ ಸೆರಗಿನ ತುಂಬ ಅಕ್ಕಿ ಇತ್ತು.