ಯಾ ಮಂದಿ ನೀವು?

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹಲ್ಲಿ, ಇಂಜೆಕ್ಷನ್, ಹೆಡ್‌ಮಾಸ್ತರರು ಗಂಟಲು ಸರಿಪಡಿಸಿಕೊಳ್ಳುವ ಸದ್ದು, ಎಲ್ಲಕ್ಕೂ ಹೆದರುತ್ತೇನೆ. ಆದರೆ ಈಚೆಗೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತಿರುವುದು ಒಂದು ಶಬ್ದಕ್ಕೆ. ಇಪ್ಪತ್ತೈದು ವರ್ಷ ಕನ್ನಡ ಕಲಿಸಿದ ಮಾಸ್ತರ ಕನ್ನಡದ ಶಬ್ದಕ್ಕೇ ಹೆದರುತ್ತಾನೆಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಆ ಶಬ್ದ ‘ಮಂದಿ’.

ಜನಾಂಗ, ಸಮುದಾಯ, ವರ್ಗ ಇವೆಲ್ಲ ಇಸ್ತ್ರಿ ಮಾಡಿದ ಶಬ್ದಗಳು. ಅರ್ಜಿಯಲ್ಲಿ, ಭಾಷಣದಲ್ಲಿ ಮುಖ ತೋರಿಸಿ ಹೋಗುತ್ತವೆ. ಮಂದಿ ಹಾಗಲ್ಲ. ಗದಗ ಸೀಮೆಯಲ್ಲಿ ಅದು ಮನೆಯೊಳಗೇ ಓಡಾಡಿಕೊಂಡಿರುತ್ತದೆ. ಉಣ್ಣಲು ಕೂತರೆ ಮನಿಮಂದಿ, ಮದುವೆಗೆ ಕರೆದರೆ ಊರಮಂದಿ, ಮಗಳು ತಡವಾಗಿ ಬಂದರೆ ‘ಮಂದಿ ಏನಂದಾರು!’ ಈ ಕೊನೆಯ ಮಂದಿಯನ್ನು ಯಾರೂ ಕಣ್ಣಾರೆ ಕಂಡಿಲ್ಲ, ಆದರೂ ಎಲ್ಲರಿಗೂ ಅವರ ಹೆದರಿಕೆ. ಕುರಿಮಂದೆಗೂ ಈ ಮಂದಿಗೂ ನಂಟಿದೆಯೋ ಏನೋ. ನಿಘಂಟು ಅಟ್ಟದ ಮೇಲಿದೆ, ಏಣಿ ಹತ್ತಲು ನನಗೆ ಧೈರ್ಯವಿಲ್ಲ.

ಬಸ್ಸಿನಲ್ಲಿ ಅಪರಿಚಿತರು ಪಕ್ಕಕ್ಕೆ ಬಂದರೆ ನಮ್ಮಲ್ಲಿ ಮೊದಲು ಊರು ಕೇಳುತ್ತಾರೆ, ಆಮೇಲೆ ‘ಯಾ ಮಂದಿ ನೀವು?’ ಎನ್ನುತ್ತಾರೆ. ನನ್ನ ಅಪ್ಪ ಎದೆಯುಬ್ಬಿಸಿ, “ಮುಸಲ್ಮಾನ್ರು ರೀ, ಕಳಸಾಪುರದಾಗ ಒಕ್ಕಲುತನ” ಎನ್ನುತ್ತಿದ್ದ. ಕೇಳಿದವರು ‘ಹೌದಾ’ ಎಂದು ಉಳ್ಳಾಗಡ್ಡಿ ಬೆಳೆಯ ಮಾತಿಗೆ ಹೋಗುತ್ತಿದ್ದರು. ನಾನು ಅಪ್ಪನ ಧೈರ್ಯ ಬಿಟ್ಟು ಮನೆತನದ ಅಡ್ಡಹೆಸರಷ್ಟೇ ಇಟ್ಟುಕೊಂಡೆ. ನಮ್ಮ ಕಡೆಯ ಅಡ್ಡಹೆಸರುಗಳ ಸುಖ ನೋಡಿ: ಊರು, ಅಂಗಡಿ, ಕಾಯಿಪಲ್ಲೆ, ಏನು ಬೇಕಾದರೂ ಇರಬಹುದು, ಅದನ್ನು ಕೇಳಿ ನೀವು ಯಾರೆಂದು ದೇವರಿಗೂ ತಿಳಿಯುವುದಿಲ್ಲ. ಶಾಲೆಯಲ್ಲಿ ನಾನು ಬರೀ ಕಳಸಾಪುರ ಸರ್.

ಹೋದ ವರ್ಷ ಒಂದು ಮಧ್ಯಾಹ್ನ ಶಿರಹಟ್ಟಿಯಿಂದ ಗದುಗಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಖಬರು ಬಂತು. ಯಾರೋ ಮೊಬೈಲಿನಲ್ಲಿ ಏನೋ ಹಾಕಿದ್ದರಂತೆ, ಗದುಗಿನಲ್ಲಿ ಗಲಾಟೆಯಂತೆ, ಅಂಗಡಿಗಳು ಮುಚ್ಚಿವೆಯಂತೆ. ಬಸ್ಸಿನ ತುಂಬ ಒಂದೇ ಮಾತು: ‘ಆ ಮಂದಿ’. ಯಾರು ಯಾರನ್ನು ಅನ್ನುತ್ತಿದ್ದಾರೆಂದು ತಿಳಿಯಲು ತಲೆಯೆತ್ತುವ ಎದೆಗಾರಿಕೆ ನನಗಿರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು. ಅವಳು ಮನೆಯ ಉರ್ದುವಿನಲ್ಲಿ ಹುಷಾರಾಗಿ ಬನ್ನಿ ಎಂದಳು. ನಾನು ಸುತ್ತಲಿನವರಿಗೂ ಕೇಳುವಂತೆ, “ಆತು, ಬಾಗಲಾ ಹಾಕ್ಕೊಂಡು ಕುಂಡ್ರು” ಎಂದೆ. ಮದುವೆಯಾದಾಗಿನಿಂದ ನಾನವಳೊಡನೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

ಪಕ್ಕದಲ್ಲಿ ಹಣೆತುಂಬ ವಿಭೂತಿ ಹಚ್ಚಿದ ಮುದುಕಿ ಕೂತಿದ್ದಳು. “ಯಾ ಮಂದಿಪಾ ತಮ್ಮಾ ನೀವು?”

“ಕಳಸಾಪುರದವ್ರು, ಯವ್ವಾ.”

“ಊರ ಕೇಳಲಿಲ್ಲಪಾ, ಮಂದಿ ಕೇಳಿದ್ನಿ.”

“ನಿಮ್ಮ ಮಂದೀನ, ಯವ್ವಾ,” ಎಂದುಬಿಟ್ಟೆ. ಪರೀಕ್ಷೆ ಮಾಡಿದರೆ ಇರಲಿ ಎಂದು ಪಾಠದ ಎರಡು ವಚನ ಮನಸ್ಸಿನಲ್ಲೇ ಒಪ್ಪಿಸಿಕೊಂಡೆ. ಮುದುಕಿ ಪರೀಕ್ಷೆ ಮಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು, ನನ್ನನ್ನು ನಂಬಿದಳು. “ಹಂಗಾದ್ರ ಛಲೋ ಆತು. ಆಟೋ ಇಲ್ಲಂತ. ಬೆಟಗೇರಿ ತನಕಾ ನಿನ್ನ ಜೋಡಿ ಬರ್ತೀನಿ. ಆ ಮಂದಿ ಓಣಿ ದಾಟಬೇಕಲ್ಲ, ನನಗ ಅಂಜಿಕಿ.”

ಆಕೆಯ ಮನೆ ಗದುಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ. ದಾಟಬೇಕಾದ ಆ ಓಣಿ ನನ್ನದೇ.

ಗದುಗಿನಲ್ಲಿ ಇಳಿದು ನಡೆದೆವು. ಆಕೆ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಕದಗಳೆಲ್ಲ ಮುಚ್ಚಿದ್ದವು, ನಾಯಿಗಳು ಕೂಡ ಮೂಲೆ ಸೇರಿದ್ದವು. ಯಾರೂ ಎದುರಾಗದಿರಲಿ ಎಂದು ಬೇಡಿಕೊಂಡೆ. ಯಾವ ದೇವರನ್ನು ಬೇಡಿಕೊಂಡೆ ಎಂದು ಕೇಳಬೇಡಿ, ಸಿಕ್ಕವರನ್ನೆಲ್ಲ ಬೇಡಿಕೊಂಡೆ. ಓಣಿಯ ನಡುವೆ ಗಾದಿ ಹೊಲಿಯುವ ಖಾದರ್ ಕಿಟಕಿ ತೆರೆದು ಕೂಗಿದ: “ಸಲಾಂ ಸರ್! ಭಾಬಿ ದಾರಿ ಕಾಯಾಕತ್ತಾರ, ಜಲ್ದಿ ಹೋಗ್ರಿ.”

ಮುದುಕಿ ನಿಂತಳು. ಖಾದರನ ಕಿಟಕಿ ನೋಡಿದಳು, ನನ್ನನ್ನು ನೋಡಿದಳು.

“ಸುಳ್ಳ ಹೇಳಿದೇನಪಾ?”

“ಅಂಜಿಕಿ ಆಗಿತ್ತು, ಯವ್ವಾ.”

“ಯಾರ ಅಂಜಿಕಿ?”

“ನಿಮ್ಮದ.”

“ನಂದಾ? ಈ ಮಣಕಾಲ ಬ್ಯಾನಿ ಮುದಿಕೀದಾ?” ಎಂದಳು. ಇಬ್ಬರಿಗೂ ನಗು ಬರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಕೈ ಬಿಟ್ಟು ಹೋಗಿಬಿಡುತ್ತಾಳೆ ಎಂದುಕೊಂಡೆ. ಹೋಗುವುದಾದರೂ ಎಲ್ಲಿಗೆ? ಹಿಂದೆಯೂ ನಮ್ಮ ಓಣಿಯೇ, ಮುಂದೆಯೂ ನಮ್ಮ ಓಣಿಯೇ. “ನಡಿ,” ಎಂದಳು. ನನ್ನ ಮನೆಯ ಮುಂದೆಯೇ ಹಾಯ್ದೆವು; ಬಾಗಿಲ ಸಂದಿಯಲ್ಲಿ ಹೆಂಡತಿಯ ಕಣ್ಣು ಕಂಡಿತು, ಬಂದೆ ಎಂದು ಕೈ ಮಾಡಿದೆ.

ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನ ಗುಂಪಾಗಿ ನಿಂತಿದ್ದರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈಗ ಆಕೆಯ ಕೈಯನ್ನು ಬಿಗಿಯಾಗಿ ಹಿಡಿದದ್ದು ನಾನು.

ಮನೆ ಮುಟ್ಟಿದೆವು. ಸೊಸೆ ಓಡಿ ಬಂದು ಅತ್ತೆಯನ್ನು ಒಳಗೆ ಎಳೆದುಕೊಂಡಳು, ನೀರು ತಂದುಕೊಟ್ಟಳು. ಕುಡಿದು, “ಬರ್ತೀನಿ ಯವ್ವಾ” ಎಂದು ತಿರುಗಿದೆ. ಕಟ್ಟೆಯವರು ಇನ್ನೂ ಅಲ್ಲೇ ಇದ್ದರು, ಇತ್ತಲೇ ನೋಡುತ್ತಿದ್ದರು. ನನ್ನ ಕಾಲು ಹೊಸ್ತಿಲಿನಲ್ಲೇ ನಿಂತಿತು.

ಮುದುಕಿ ಕಟ್ಟೆಯತ್ತ ಒಮ್ಮೆ ನೋಡಿ, ಆಗಷ್ಟೇ ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. ಸೊಸೆ, “ಮತ್ತೆಲ್ಲಿಗೆ ಹೊಂಟ್ರಿ ಅತ್ತೀ?” ಎಂದು ಗಾಬರಿಯಾದಳು.

“ತಡಿ, ಇವ್ರನ್ನ ನಮ್ಮ ಓಣಿ ದಾಟಿಸಿ ಬರ್ತೀನಿ.”

ಬೇಡ ಎನ್ನಬೇಕಿತ್ತು. ಆಕೆಯ ಮೊಣಕಾಲು ನೋವು ಗೊತ್ತಿದ್ದೂ ನಾನು ಅನ್ನಲಿಲ್ಲ.