ಅರ್ಧ ಮಂದಿ ಕೂರುವ ಪ್ರಶ್ನೆ

ಪುಟ್ಟಿ, ಗುಂಡಾ, ನಿಮ್ಮ ಅಜ್ಜನನ್ನು ನೀವು ಫೋಟೋದಲ್ಲಷ್ಟೇ ನೋಡಿದ್ದೀರಿ. ಅವರು ಲೆಕ್ಕದ ಮಾಸ್ತರರು. ಕೊಪ್ಪಳ ಬೇರೆ ಜಿಲ್ಲೆಯಾದ ಹೊಸದರಲ್ಲಿ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಅವರಿಗೆ ವರ್ಗವಾಯಿತು. ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಕಿಟಕಿ ಶಾಲೆಯ ಅಂಗಳಕ್ಕೆ ತೆರೆದಿತ್ತು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಜೋಳ ಹಸನು ಮಾಡುತ್ತ ಅವರ ಪಾಠ ಕೇಳುತ್ತಿದ್ದೆ. ಹಾಗೆ ಕೇಳುತ್ತೇನೆಂದು ಅವರಿಗೆ ಹೇಳಲು ನಾಚಿಕೆ.

ಅವರು ಆಡಿಸುತ್ತಿದ್ದ ಒಂದು ಆಟ ಚೆನ್ನಾಗಿ ನೆನಪಿದೆ. ಹದಿನಾರು ಮಕ್ಕಳ ಕೈಗೆ ಒಂದೊಂದು ಊರಿನ ಹೆಸರು ಬರೆದ ಪಾಟಿ ಕೊಟ್ಟು ಸಾಲಾಗಿ ನಿಲ್ಲಿಸುವರು. ಅದರಲ್ಲೊಂದು ಊರನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳುವರು. ಉಳಿದ ಮಕ್ಕಳು ಪ್ರಶ್ನೆ ಕೇಳಿ ಅದನ್ನು ಕಂಡುಹಿಡಿಯಬೇಕು. ಅವರು ಹೌದು, ಅಲ್ಲ ಎಂದಷ್ಟೇ ಹೇಳುವರು. ಉತ್ತರಕ್ಕೆ ಹೊಂದದ ಊರುಗಳು ಕೂರಬೇಕು.

"ಗಿಣಿಗೇರಾ ಏನ್ರಿ ಸರ?"

"ಅಲ್ಲ."

"ಹಿಟ್ನಾಳ ಏನ್ರಿ?"

"ಅಲ್ಲೋ ಮಾರಾಯ. ಹಿಂಗ ಒಂದೊಂದ ಊರಿನ ಬಾಗಲಾ ಬಡಕೋಂತ ಹೊಂಟರ ನಿನ್ನ ಲಗ್ನದ ಹೊತ್ತಿಗೆ ಉತ್ತರ ಸಿಗತೈತಿ. ಅರ್ಧಾ ಮಂದಿ ಕೂಡುವಂಥಾದ್ದು ಕೇಳ್ರಿ."

ಎಲ್ಲರನ್ನೂ ಮತ್ತೆ ನಿಲ್ಲಿಸಿ ಬೇರೆ ಊರು ನೆನೆದರು. ಎರಡು ಜಡೆಯ ಹುಡುಗಿಯೊಬ್ಬಳು, "ಆ ಊರಾಗ ಕಾಲುವಿ ನೀರು ಐತೇನ್ರಿ?" ಎಂದಳು. ಐತಿ ಎಂದರು. ಕಾಲುವೆಯಿಲ್ಲದ ಎಂಟು ಊರುಗಳು ಧೂಳಿನಲ್ಲಿ ಕೂತವು. ಆಮೇಲೆ ನಾಲ್ಕು ಉಳಿದವು, ಆಮೇಲೆ ಎರಡು. ಕೊನೆಗೆ ಶ್ರೀರಾಮನಗರ ಒಂದೇ ಪಾಟಿ ಹಿಡಿದು ನಗುತ್ತ ನಿಂತಿತ್ತು.

ಕೆಲವು ವರ್ಷಗಳ ಮೇಲೆ, ನಾವು ಕುಷ್ಟಗಿಯಲ್ಲಿದ್ದಾಗ, ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಹೋದವು, ಮಾತು ಹೋಯಿತು. ತಿಳಿವಳಿಕೆ ಮಾತ್ರ ನೆಟ್ಟಗಿತ್ತು. ಹೌದೆನ್ನಲು ರೆಪ್ಪೆ ಮುಚ್ಚುವರು, ಅಲ್ಲವೆನ್ನಲು ಸುಮ್ಮನೆ ನೋಡುವರು. ಕೊನೆಯ ವಾರ ಏನನ್ನೋ ತಿಳಿಸಲು ಒದ್ದಾಡತೊಡಗಿದರು. ನೀರೇನ್ರಿ, ಹೊದಿಕಿ ಏನ್ರಿ, ಮಗ್ಗಲಾ ಹೊರಳಿಸಲೇನ್ರಿ ಎಂದು ಕೇಳಿ ಕೇಳಿ ಸೋತೆ. ಸುಮ್ಮನೆ ನೋಡಿದರು. ಕಣ್ಣಂಚಿನಿಂದ ನೀರು ಇಳಿಯಿತು.

"ಭ್ರಮಿ ಆಗೇತಿ, ಬಿಡ್ರಿ ವೈನಿ," ಎಂದ ನನ್ನ ಮೈದುನ.

ಆ ದಿನ ಅದೇ ಎರಡು ಜಡೆಯ ಹುಡುಗಿ ಅವರನ್ನು ನೋಡಲು ಬಂದಿದ್ದಳು. ಆಗ ಗಂಗಾವತಿಯಲ್ಲಿ ಕಾಲೇಜು ಓದುತ್ತಿದ್ದಳು. "ಅಕ್ಕಾರ, ನೀವೂ ಒಂದೊಂದ ಬಾಗಲಾ ಬಡಿಯಾಕತ್ತೀರಿ," ಎಂದು ಮಂಚದ ಹತ್ತಿರ ಬಾಗಿದಳು.

"ಸರ, ಮೈಯಿಂದು ಏನರ ತ್ರಾಸೇನ್ರಿ?" ರೆಪ್ಪೆ ಅಲುಗಲಿಲ್ಲ.

"ಯಾರದರ ಸುದ್ದಿ ಏನ್ರಿ?" ಮುಚ್ಚಿದರು.

"ಮನ್ಯಾಗಿನವರದೇನ್ರಿ?" ಮುಚ್ಚಿದರು.

ನಾನು ನಿಮ್ಮ ಅವ್ವನ ಹೆಸರು ಹೇಳಿದೆ, ನನ್ನ ಅತ್ತೆಯ ಹೆಸರು, ಮೈದುನನ ಹೆಸರು ಹೇಳಿದೆ. ಸುಮ್ಮನೆ ನೋಡಿದರು.

"ಎಲ್ಲಾರೂ ಮುಗದ್ರಲ್ಲವಾ," ಎಂದೆ.

"ನಿಮ್ಮನ್ನ ಬಿಟ್ಟೀರಿ, ಅಕ್ಕಾರ."

ಅವರು ರೆಪ್ಪೆ ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

ಮಂದಿಯ ಎದುರು ನನ್ನ ಮುಖ ಬಿಸಿಯಾಯಿತು. ಹುಡುಗಿ ಅರಿತುಕೊಂಡಳು. "ಕಾಕಾ, ಹೊರಗ ಗಾಳಿಗೆ ಕೂಡೂಣು ಬರ್ರಿ," ಎಂದು ಮೈದುನನನ್ನು ಕರೆದೊಯ್ದಳು. ನಾನು ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದೆ. "ನೀವು ನನಗ ಏನರ ಕೇಳೋದೈತೇನ್ರಿ?" ಮುಚ್ಚಿದರು. "ಆಗಿ ಹೋಗಿದ್ದರ ಬಗ್ಗೆ ಏನ್ರಿ?" ನೋಡಿದರು. ಹಾಗಾದರೆ ಮುಂದಿನದು. ಅದನ್ನು ಹೇಗೆ ಅರ್ಧ ಮಾಡಲಿ ಎಂದು ನಾನು ಯೋಚಿಸುತ್ತಿರುವಾಗಲೇ ದಣಿದು ನಿದ್ದೆ ಹೋದರು. ಮರುದಿನ ಕಣ್ಣು ತೆರೆದರು. ಆದರೆ ಏನು ಕೇಳಿದರೂ ರೆಪ್ಪೆ ಬಾಗಲಿಲ್ಲ. ಅದೇ ವಾರ ತೀರಿಕೊಂಡರು.

ಒಬ್ಬಳೇ ಹೇಗಿರುತ್ತೀ ಎಂದು ಕೇಳಬೇಕಿತ್ತೋ, ತವರಿಗೆ ಹೋಗುತ್ತೀಯಾ ಎಂದೋ, ಮಗಳನ್ನು ಓದಿಸುತ್ತೀಯಾ ಎಂದೋ, ನನಗೆ ಇಂದಿಗೂ ತಿಳಿಯದು. ಅವರು ಹೋದ ಮೇಲೆ ನಾನು ಬದುಕಿದ್ದನ್ನು ಈ ಕಟ್ಟಿನ ಉಳಿದ ಹಾಳೆಗಳಲ್ಲಿ ಇದ್ದದ್ದು ಇದ್ದಂತೆ ಬರೆದಿದ್ದೇನೆ. ಅವರ ಪ್ರಶ್ನೆ ಯಾವುದೇ ಇರಲಿ, ಅದಕ್ಕೆ ಉತ್ತರ ಇವುಗಳಲ್ಲಿ ಎಲ್ಲೋ ಇರಬೇಕು. ಯಾವ ಹಾಳೆಯಲ್ಲಿದೆಯೆಂದು ನನಗೂ ಗೊತ್ತಿಲ್ಲ. ಆದ್ದರಿಂದ ಎಲ್ಲವನ್ನೂ ಜೋಪಾನವಾಗಿ ಇಡಿ, ಒಂದನ್ನೂ ಕಳೆಯಬೇಡಿ.